ದೊಡ್ಡತ್ತೆ ಕಾಶಿಯಲ್ಲಿ ಬಿಟ್ಟ ಹಣ್ಣು

ಕಾಫಿ ಲೋಟ ಕೈಗೆ ಬಂದೊಡನೆ ದೊಡ್ಡತ್ತೆ ಕುಡಿಯುತ್ತಿರಲಿಲ್ಲ. ತಮ್ಮ ಉದ್ದನೆಯ ಮೂಗನ್ನು ಲೋಟದೊಳಕ್ಕೆ ಇಳಿಸಿ, ಎಡಗಣ್ಣು ಮುಚ್ಚಿ, ಹಬೆಯನ್ನು ಎಳೆದುಕೊಳ್ಳುವರು. ಮೂಗಿನ ತುದಿಯಲ್ಲಿ ನೀರಹನಿ ಕಟ್ಟಿದ ಮೇಲೆಯೇ ಮೊದಲ ಗುಟುಕು. ಆ ಬೆಳಿಗ್ಗೆಯೂ ಹಾಗೆಯೇ. ನಾನು ಬಾಗಿಲು ಸಾರಿಸಿ, ರಂಗೋಲಿಯಿಟ್ಟು, ಹಾಲು ಕಾಯಿಸಿ ಕಾಫಿ ಕೊಟ್ಟೆ. ಯುದ್ಧದ ಕಾಲ; ಪುಡಿಯಲ್ಲಿ ಏನೇನು ಬೆರೆತಿರುತ್ತಿತ್ತೋ ದೇವರೇ ಬಲ್ಲ. ಅವರು ಮೂಸಿ, "ಚಿಕೋರಿ ಅಲ್ಲ ಕಣೇ ಇದು, ಹುರಿದ ಹುಣಿಸೆಬೀಜ" ಎಂದು ಹೇಳಿ, ಪೂರ್ತಿ ಕುಡಿದಿಟ್ಟರು.

ದೊಡ್ಡತ್ತೆ ಎಂದರೆ ನನ್ನ ಮಾವನವರ ಅಕ್ಕ. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ಶ್ರೀನಿವಾಸಪುರದ ತವರಿನಲ್ಲೇ ಉಳಿದವರು. ಕಾನ್ವೆಂಟಿನಲ್ಲಿ ಓದಿದ ನಾನು ಈ ಮನೆಗೆ ಸೊಸೆಯಾಗಿ ಬಂದ ದಿನ, ಅಡುಗೆ ಬರುತ್ತದೆಯೇ, ಹಾಡು ಬರುತ್ತದೆಯೇ ಎಂದು ಉಳಿದವರೆಲ್ಲ ಕೇಳಿದರೆ, ಅವರು ಕೇಳಿದ್ದು ಬೇರೆ: "ಕೋಲಾರದಿಂದ ಬರ್ತಾ ದಾರೀಲಿ ಏನೇನ್ ಕಂಡೆ?"

"ಏನೂ ನೋಡಲಿಲ್ಲ ದೊಡ್ಡತ್ತೆ, ತಲೆ ತಗ್ಗಿಸಿ ಕೂತಿದ್ದೆ."

"ಅದಕ್ಕೆ ರೈಲು ಯಾಕೆ? ಮೂಟೇಲಿ ಕಟ್ಟಿ ಕಳಿಸ್ಬೋದಿತ್ತಲ್ಲ!"

ಮಾಲೂರಿನ ನೆಂಟರಾಗಲಿ, ಮುಳಬಾಗಿಲಿನಿಂದ ಬಂದ ಬಳೆಗಾರನಾಗಲಿ, ಎಲ್ಲರಿಗೂ ಅದೇ ಪ್ರಶ್ನೆ. ಊರು ಸೇರಿದ್ದು ಯಾರಾದರೂ ಹೇಳುತ್ತಾರೆ, ದಾರಿ ಹೇಳುವವರು ಬೇಕು ಎನ್ನುವರು.

ಅವರು ಮಾಡಿದ ದೂರದ ಪ್ರಯಾಣ ಒಂದೇ, ತಂದೆಯ ಜೊತೆ ಕಾಶಿಗೆ. ಕಾಶಿಗೆ ಹೋದವರು ತಮಗೆ ತುಂಬ ಇಷ್ಟವಾದ ಹಣ್ಣೊಂದನ್ನು ಅಲ್ಲಿ ಬಿಟ್ಟು ಬರುವ ಪದ್ಧತಿ ಉಂಟು. ಬದುಕಿರುವವರೆಗೂ ಮತ್ತೆ ಅದನ್ನು ಬಾಯಿಗೆ ಹಾಕುವಂತಿಲ್ಲ. "ನಮ್ಮಪ್ಪ ಜಾಣ. ಬೇಲದ ಹಣ್ಣು ಬಿಟ್ಟ. ಅದನ್ನ ಅವನು ಎಂದೂ ಮೂಸಿಯೂ ನೋಡಿರ್ಲಿಲ್ಲ. ನನಗೆ ಗಂಗೇಲಿ ನಿಂತ್ಕೊಂಡು ಸುಳ್ಳು ಹೇಳೋಕ್ಕೆ ಬಾಯಿ ಬರ್ಲಿಲ್ಲ. ಮಾವು ಅಂದ್ಬಿಟ್ಟೆ."

ಮಾವು ಬಿಟ್ಟವರು ತಿರುಗಿ ಬಂದದ್ದು ಮಾವಿನ ತೋಪುಗಳ ನಡುವಿನ ಊರಿಗೆ. ಬೇಸಗೆಯಲ್ಲಿ ನಾವೆಲ್ಲ ಸೀಕರಣೆ ಬಡಿಸಿಕೊಳ್ಳುವಾಗ ಅವರು ಏನೋ ಕೆಲಸ ನೆನಪಾದವರಂತೆ ಹಿತ್ತಲಿಗೆ ಎದ್ದು ಹೋಗುವರು. ಮಾವಿನ ಉಪ್ಪಿನಕಾಯಿಯನ್ನು ಕೂಡ ಮುಟ್ಟದೆ ಇಪ್ಪತ್ತು ವರ್ಷಕ್ಕೂ ಮೇಲಾಗಿತ್ತು.

ಗಂಗೆಗಿಂತ ಹೆಚ್ಚಾಗಿ ಅವರ ನೆನಪಿನಲ್ಲಿ ನಿಂತದ್ದು ಒಂದು ಲೋಟ ಚಹಾ. ಕಾಶಿ ಬಿಟ್ಟ ಮಾರನೆಯ ದಿನ ರೈಲಿನಲ್ಲಿ ಅವರಿಗೆ ಚಳಿಜ್ವರ ಬಂತಂತೆ. ಎದುರಿಗೆ ಕೂತಿದ್ದ, ಭಾಷೆಯೇ ತಿಳಿಯದ ಒಬ್ಬ ಹೆಂಗಸು ಹಿತ್ತಾಳೆಯ ಚೊಂಬಿನಿಂದ ಹಾಲಿಲ್ಲದ ಕಪ್ಪು ಚಹಾ ಬಗ್ಗಿಸಿ ಕೊಟ್ಟಳು. ಲವಂಗ, ಚಕ್ಕೆ, ಶುಂಠಿ, ಬೆಲ್ಲ ಎಲ್ಲ ನಾಲಿಗೆಗೆ ತಿಳಿಯಿತು. ತಳದಲ್ಲಿದ್ದ ಕಂದುಬಣ್ಣದ ಹಣ್ಣಿನ ಚೂರು ಮಾತ್ರ ಯಾವುದೆಂದು ತಿಳಿಯಲಿಲ್ಲ. "ಅದನ್ನ ಕುಡಿದ್ಮೇಲೆ ಕಿಟಕಿ ಆಚೆ ಇರೋದೆಲ್ಲ ತೊಳೆದಿಟ್ಟ ಹಾಗೆ ಕಾಣ್ತು ಕಣೇ."

ನಮ್ಮ ಮನೆಯವರ ಪೈಕಿ ಹಾಲಿಲ್ಲದ ಚಹಾ ಕುಡಿಯುವವರನ್ನು ಕಂಡಿದ್ದವಳು ನಾನೊಬ್ಬಳೇ. ಕಾನ್ವೆಂಟಿನ ಮದರ್‌ಗಳು ಸಂಜೆ ಅದನ್ನೇ ಕುಡಿಯುತ್ತಿದ್ದರು. ಹಾಗಾಗಿ ಆ ಹಣ್ಣಿನ ಹುಡುಕಾಟಕ್ಕೆ ದೊಡ್ಡತ್ತೆ ನನ್ನನ್ನು ಜೊತೆ ಮಾಡಿಕೊಂಡರು. ನನ್ನ ಯಜಮಾನರು ಕೋಲಾರದಿಂದ ಚಹಾಪುಡಿ ತಂದಾಗಲೆಲ್ಲ, ಗಂಡಸರ ಊಟ ಮುಗಿದ ಮೇಲೆ ನಾವಿಬ್ಬರೂ ಒಲೆಯ ಮುಂದೆ ಕೂರುತ್ತಿದ್ದೆವು. ದ್ರಾಕ್ಷಿ ಹಾಕಿದೆ. "ಪಾಯಸ" ಎಂದರು. ದಾಳಿಂಬೆ ಸಿಪ್ಪೆ ಹಾಕಿದೆ. "ಕಷಾಯ." ಹುಣಿಸೆಹಣ್ಣಿಗೆ, "ಇದಕ್ಕೆ ಒಗ್ಗರಣೆ ಹಾಕು, ಸಾರಾಗುತ್ತೆ." ಒಣಗಿದ ಎಲಚಿಹಣ್ಣಿಗೆ ಮಾತ್ರ ಬಹಳ ಹೊತ್ತು ಕಣ್ಣು ಮುಚ್ಚಿದ್ದು, "ಒಂದು ಸ್ಟೇಷನ್ ಹಿಂದೆ ಇಳಿದ್ಬಿಟ್ಟೆ" ಎಂದರು.

ನಮ್ಮ ಹಿತ್ತಲ ಹಿಂದಿನ ತೋಪನ್ನು ಗೌನಿಪಲ್ಲಿ ಕಡೆಯ ಒಂದು ತೆಲುಗು ಕುಟುಂಬ ಆ ವರ್ಷವಷ್ಟೇ ಗುತ್ತಿಗೆ ಹಿಡಿದಿತ್ತು. ಗಾಳಿಗೆ ಉದುರಿದ ಮಾವಿನಕಾಯಿಗಳನ್ನು ಹೆಚ್ಚಿ ಒಣಗಿಸಿ, ಆ ಮನೆಯಾಕೆ ಆ ಹುಣಿಸೆಬೀಜದ ಕಾಫಿಯ ದಿನ ಬೆಳಿಗ್ಗೆ ನನಗೆ ಒಂದು ಹಿಡಿ ಕೊಟ್ಟಳು. ಬಿಸಿಲಿಗೆ ಕಂದಿ ಚರ್ಮದಂತಾಗಿದ್ದ ಹೋಳುಗಳು. ನೋಡುತ್ತ ನೋಡುತ್ತ ನನಗೊಂದು ಸಂಶಯ ಹುಟ್ಟಿತು. ಮಧ್ಯಾಹ್ನ ದೊಡ್ಡತ್ತೆ ಮಲಗಿದ ಹೊತ್ತು ನೋಡಿ, ನಾನೊಬ್ಬಳೇ ರುಚಿ ನೋಡೋಣವೆಂದು ಒಂದು ಲೋಟ ಕಾಯಿಸಿದೆ. ತುಟಿಗೆ ತರುವಷ್ಟರಲ್ಲಿ ಅವರು ಬಾಗಿಲಲ್ಲಿದ್ದರು. ವಾಸನೆಯೇ ಎಬ್ಬಿಸಿತ್ತು.

"ಇದೇ!" ಎಂದು ಲೋಟ ಕಸಿದುಕೊಂಡರು.

"ದೊಡ್ಡತ್ತೆ, ಬೇಡಿ, ಅದರಲ್ಲಿ..." ಎನ್ನುವಷ್ಟರಲ್ಲಿ ಗುಟುಕು ಇಳಿದಾಗಿತ್ತು. ಅಂದು ಎರಡೂ ಕಣ್ಣು ಮುಚ್ಚಿದ್ದರು. "ಅವಳ ಕೈಯಲ್ಲಿ ಹಸಿರು ಬಳೆ ಇತ್ತು. ನೋಡು, ಇಷ್ಟ್ ದಿನ ಅದು ಮರ್ತೇಹೋಗಿತ್ತು." ಇನ್ನೊಂದು ಗುಟುಕು. "ಏನ್ ಹಾಕ್ದೆ?"

"ಮಾವಿನ ಹೋಳು."

ಅವರು ಕಣ್ಣು ತೆರೆದರು. ಸ್ವಲ್ಪ ಹೊತ್ತು ಲೋಟದ ತಳವನ್ನೇ ನೋಡಿದರು. "ಹಾಗಾದ್ರೆ ಕಾಶಿ ಬಿಟ್ಟ ಮಾರನೇ ದಿನಾನೇ ವ್ರತ ಮುರಿದಿತ್ತು. ಇಷ್ಟ್ ವರ್ಷ ನಾನು ಕಾಯ್ಕೊಂಡ್ ಬಂದಿದ್ದು ಏನನ್ನ?"

"ತಿಳಿಯದೆ ಕುಡಿದದ್ದು ತಾನೆ? ದೇವರು ಅದನ್ನು ಹಿಡಿಯುತ್ತಾನೆಯೇ?"

"ಈಗ ಕುಡಿದಿದ್ದು?"

ಅವರು ಲೋಟ ಕೆಳಗಿಟ್ಟು, ಜಗುಲಿಯ ಗೋಡೆಗೆ ಒರಗಿ ಕೂತರು. ಹತ್ತಿರ ಹೋಗಿ ಕೂತೆ. ಬಿಸಿಲು ಇಳಿದ ಮೇಲೆ ಕೊಡೆ ತೆಗೆದುಕೊಂಡು ಹೊರಟರು. ಪ್ರಾಯಶ್ಚಿತ್ತ ಕೇಳಲು ಜೋಯಿಸರ ಮನೆಗಿರಬೇಕು ಎಂದುಕೊಂಡೆ.

ದೊಡ್ಡತ್ತೆ ತೀರಿಕೊಂಡು ಈಗ ಬಹಳ ಕಾಲವಾಯಿತು. ರೈಲಾಗಲಿ ಬಸ್ಸಾಗಲಿ, ಕಿಟಕಿಯ ಪಕ್ಕದ ಜಾಗ ನನಗೇ ಬೇಕು ಎಂದು ಮಕ್ಕಳ ಹತ್ತಿರವೂ ಜಗಳವಾಡುತ್ತೇನೆ. ಅದು ಅವರಿಂದ ಬಂದದ್ದು. ಆದರೆ ಆ ಮಧ್ಯಾಹ್ನ ಜಗುಲಿಯಲ್ಲಿ ಕೂತು ಏನು ಯೋಚಿಸಿದರೆಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಅಂದು ದೀಪ ಹಚ್ಚುವುದಕ್ಕೆ ಮುಂಚೆ ತೋಪಿನಾಕೆ ಹೆಪ್ಪಿಗೆ ಮಜ್ಜಿಗೆ ಕೇಳಿಕೊಂಡು ಬಂದಳು. ದೊಡ್ಡತ್ತೆ ಆಗಲೇ ಹಿಂತಿರುಗಿ ಬಾವಿಕಟ್ಟೆಯಲ್ಲಿ ಕೈ ತೊಳೆಯುತ್ತಿದ್ದರು. ಆಕೆ ಅವರತ್ತ ಗದ್ದ ತೋರಿಸಿ, ಬಟ್ಟಲಿಗೆ ಸೆರಗು ಮುಚ್ಚಿಕೊಳ್ಳುತ್ತ ಅಂದಳು:

"ನಿಮ್ ಪೆದ್ದಮ್ಮನ್ನ ಮೆಚ್ಚಿಸೋದು ಕಷ್ಟ ತಲ್ಲೀ. ನಮ್ ತೋಪಲ್ಲಿ ಕೂತ್ಕೊಂಡು ರಸಪುರಿ ಹಣ್ಣು ವಾಟೆ ಬೆಳ್ಳಗಾಗೋವರ್ಗೂ ಚೀಪಿದ್ರು. ಆಮೇಲೆ, ಇನ್ನೊಂದ್ ದಿನ ಹುಲ್ಲಲ್ಲಿ ಇಡ್ಬೇಕಿತ್ತು ಅಂತ ನನಗೇ ಬೈದ್ರು."