ಚೀನೀ ಕಸರತ್ತಿನ ಮೇಲೊಂದು ಸಂಶಯ

ನಿಧಾನವಾಗಿ ಕೆಲಸ ಮಾಡುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಸಂಶಯ. ಏಳನೆಯ ಕ್ಲಾಸಿಗೆ ಶಾಲೆ ಬಿಟ್ಟು ಮುಂಬಯಿಗೆ ಬಂದವನು ನಾನು. ಬಟಾಟೆ ಸುಲಿಯುವಲ್ಲಿಂದ ಜೋಗೇಶ್ವರಿಯ ಸ್ವಂತ ಹೋಟೆಲಿನ ಗಲ್ಲಾಪೆಟ್ಟಿಗೆಯವರೆಗೆ ತಲುಪಿದ್ದು ನಿಧಾನದಿಂದಲ್ಲ. ಹೀಗಿರುವಾಗ ಸಯನ್ನಿನ ಡಾಕ್ಟರು ನನ್ನ ಹೆಂಡತಿ ಸುಮತಿಗೆ ಮಾತ್ರೆಯ ಜೊತೆ ಚೀನಾದವರ ನಿಧಾನ ಕಸರತ್ತನ್ನೂ ಹೇಳಿದರೆ ನಂಬುವುದು ಹೇಗೆ?

ಬೆನ್ನು ನೋವು, ಎದೆ ಭಾರ, ಊಟ ಬೇಡ ಎಂದು ಅವಳು ಮಲಗಿ ತಿಂಗಳುಗಳೇ ಆಗಿದ್ದವು. ಡಾಕ್ಟರು ಬೆನ್ನು ಮುಟ್ಟಲೇ ಇಲ್ಲ. ಅಳು ಬರುತ್ತದೆಯೇ ಎಂದು ಕೇಳಿದರು. ಮನಸ್ಸಿನ ಕಾಯಿಲೆಯಂತೆ. ನಮ್ಮ ಹೋಟೆಲಿನಲ್ಲಿ ಚೈನೀಸ್ ಎಂದು ಮಾರುವ ನೂಡಲ್ಸಿಗೂ ಚೀನಾಕ್ಕೂ ಎಷ್ಟು ಸಂಬಂಧವೆಂದು ನನಗಿಂತ ಬಲ್ಲವರಿಲ್ಲ. ಇದೂ ಅಂಥದ್ದೇ ಇರಬೇಕೆಂದುಕೊಂಡು ಅವಳ ಜೊತೆ ಹೋದೆ.

ಗಾರ್ಡನಿನಲ್ಲಿ ಒಂದಿಷ್ಟು ಮಂದಿ ಗಾಳಿಯಲ್ಲಿ ದೋಸೆ ಹುಯ್ಯುತ್ತಿದ್ದರು, ಅದೂ ಕಾಯದ ಕಾವಲಿಯ ಮೇಲೆ. ಕಲಿಸುವವರು ಕಲ್ಕತ್ತಾದಲ್ಲಿ ಹುಟ್ಟಿದ ಚೀನೀ ಮುದುಕರು. ಅವರ ಹಿಂದಿ ನನ್ನದಕ್ಕಿಂತ ಶುದ್ಧ. "ನಮ್ಮವರೂ ಮನಸ್ಸು ಕೆಟ್ಟಿದೆ ಅನ್ನೋದಿಲ್ಲ ಸೇಠ್. ಎದೆ ಹಿಡಿದಿದೆ, ನಿದ್ದೆ ಇಲ್ಲ ಅಂತಾರೆ. ಅದಕ್ಕೇ ಮೈಯಿಂದಲೇ ಶುರು" ಎಂದರು. ಮಾತು ಸರಿ ಅನ್ನಿಸಿತು. ಸರಿ ಅನ್ನಿಸಿದ್ದರಿಂದಲೇ ಸಂಶಯ ಹೆಚ್ಚಾಯಿತು. ಮಿಕ್ಸರ್ ಮಾರಲು ಬರುವವರ ಮಾತೂ ಹೀಗೆಯೇ ಇರುತ್ತದೆ.

"ಹಾಗಾದರೆ ಮಾತ್ರೆ ನಿಲ್ಲಿಸಬಹುದಾ?" ಎಂದು ಬಲೆ ಬೀಸಿದೆ.

"ನಿಲ್ಲಿಸಿದರೆ ಡಾಕ್ಟರು ನನ್ನನ್ನು ಬಿಡ್ತಾರಾ?" ಎಂದು ನಕ್ಕು, ನನ್ನನ್ನೂ ಸಾಲಿನಲ್ಲಿ ನಿಲ್ಲಿಸಿದರು. ಎಲ್ಲರಿಗಿಂತ ಮೊದಲು ಮುಗಿಸಿ ಹೆಮ್ಮೆಯಿಂದ ನಿಂತೆ.

"ಇದು ಪಾರ್ಸಲ್ ಕಟ್ಟುವುದಲ್ಲ ಮಾರಾಯ್ರೇ, ಮೆಲ್ಲ ಮಾಡಿ" ಎಂದಳು ಸುಮತಿ.

ಆದರೆ ಮರುದಿನ ಮತ್ತೆ ಗೋಡೆಯ ಕಡೆ ತಿರುಗಿ ಮಲಗಿದಳು. ಎಷ್ಟೋ ವಾರ ಹೀಗೆಯೇ, ಒಂದು ದಿನ ಎದ್ದರೆ ಇನ್ನೊಂದು ದಿನ ಇಲ್ಲ. ನಾನು ಹೇಳಿರಲಿಲ್ಲವೇ ಎನ್ನಲು ಹೋದವನು ಅವಳ ಹೊದಿಕೆ ಸರಿಮಾಡಿ ಬಂದೆ. ನನ್ನ ಸಂಶಯ ಸುಳ್ಳಾಗಲಿ ಎಂದು ಜೀವನದಲ್ಲಿ ಮೊದಲ ಸಲ ಬೇಡಿಕೊಂಡೆ.

ಮೊನ್ನೆ ಕ್ಲಾಸು ಮುಗಿಸಿ ಸ್ಟೇಷನ್ನಿಗೆ ಬರುತ್ತಿದ್ದೆವು. ಇಷ್ಟು ಕಾಲ ನಾನು ತಂದ ತರಕಾರಿಯನ್ನು ನೋಡದೆಯೇ ಫ್ರಿಜ್ಜಿಗೆ ತುರುಕುತ್ತಿದ್ದವಳು, ಗಾಡಿಯೊಂದರ ಮುಂದೆ ನಿಂತು ಬೆಂಡೆಕಾಯಿ ಎತ್ತಿ ತುದಿ ಮುರಿದಳು. ಇನ್ನೊಂದು. ಮತ್ತೊಂದು.

"ಅಹೋ ತಾಈ, ಮೋಡೂ ನಕಾ!" ಮುರಿಯಬೇಡಿ ಎಂದು ಗಾಡಿಯವನು ಮರಾಠಿಯಲ್ಲಿ ಕೂಗಿಕೊಂಡ.

"ಮುರಿಯದೆ ಇವನನ್ನು ನಂಬುವುದಾ? ಎಲ್ಲ ಬಲಿತದ್ದು!" ಎಂದಳು ನನಗೆ.

ಮಾತ್ರೆಯ ಗುಣವೋ, ಚೀನಾದ ವಿದ್ಯೆಯೋ, ಇದು ನಾಳೆಯೂ ಉಳಿಯುತ್ತದೆಯೋ, ನನಗೆ ಗೊತ್ತಿಲ್ಲ. ಆದರೆ ನಾಳೆ ಉಣ್ಣುವ ಆಸೆ ಇಲ್ಲದವರು ಬೆಂಡೆಕಾಯಿಯ ಮೇಲೆ ಸಂಶಯ ಪಡುವುದಿಲ್ಲ.