ಮುಂದಿನ ಕುರ್ಚಿ

ಯಾರಾದರೂ ಮಾತಿಗೆ ಶುರು ಮಾಡಿದರೆ ನಮ್ಮ ಗೈಡ್ ಸರ್ ಎಡಗೈಯನ್ನು ಬಟ್ಟಲು ಮಾಡಿ ಎಡಗಿವಿಯ ಹಿಂದೆ ಇಟ್ಟುಕೊಳ್ಳುತ್ತಿದ್ದರು. ಬಲಗಿವಿ ಪೂರಾ ಮಂದ. ಗೀಗೀ ಹಾಡಿನ ಮೇಲೆ ಪುಸ್ತಕ ಬರೆದವರಿಗೆ ಅರ್ಧ ಕಿವಿ ಎಂದು ಕಾಲೇಜಿನ ಹುಡುಗರು ನಗುತ್ತಿದ್ದರು. ಅದಕ್ಕೇ ಅವರು ಯಾವ ಊರಿಗೆ ಹೋದರೂ ದಪ್ಪು ಬಾರಿಸುವವನ ಪಕ್ಕಕ್ಕೆ, ಎಲ್ಲರಿಗಿಂತ ಮುಂದೆ, ಕುರ್ಚಿ ಹಾಕಿಸಿಕೊಂಡು ಕೂರುತ್ತಿದ್ದರು.

ಎಪ್ಪತ್ತರ ದಶಕದಲ್ಲಿ ನಾನು ಇಟ್ಟಂಗಿಹಾಳದಿಂದ ವಿಜಾಪುರಕ್ಕೆ ಬಂದು ಅವರ ಕೈಕೆಳಗೆ ಸಂಶೋಧನೆಗೆ ಸೇರಿದೆ. ಗಂಡು ಹೆಚ್ಚು ಎಂದು ಹಾಡುವ ಹರದೇಶಿ ಮೇಳಕ್ಕೂ ಹೆಣ್ಣು ಹೆಚ್ಚು ಎಂದು ಹಾಡುವ ನಾಗೇಶಿ ಮೇಳಕ್ಕೂ ನಡೆಯುವ ಸವಾಲ್-ಜವಾಬು ನನ್ನ ವಿಷಯ. ಆ ವರ್ಷ ಪ್ರಬಂಧ ಮುಗಿಯದಿದ್ದರೆ ಓದು ಸಾಕು, ಮದುವೆ ಎಂದು ಅಪ್ಪ ಹೇಳಿಯಾಗಿತ್ತು. ನನ್ನ ಮುಂದಿನ ಬಾಳೆಲ್ಲ ಸರ್ ಹಾಕುವ ಒಂದು ಸಹಿಯ ಮೇಲೆ ನಿಂತಿತ್ತು.

ಆ ಸಹಿ ಸುಲಭದ್ದಲ್ಲ. ಬಸಿಯಲ್ಲಿ ಸುರಿದ ಚಹಾ ಆರಿ ತಣ್ಣಗಾಗುವವರೆಗೆ ನನ್ನ ಬರಹದ ಮೇಲೆ ಅವರ ಕೆಂಪು ಪೆನ್ಸಿಲ್ ಓಡುತ್ತಿತ್ತು. ‘ಅದ್ಭುತ’ ಎಂದಲ್ಲಿ ಗೀಟು. ‘ಜನ ಮೈಮರೆತರು’ ಎಂದರೆ, ಯಾರು ಮರೆತರು, ನಿನಗೆ ಹೇಗೆ ಗೊತ್ತಾಯಿತು ಎಂಬ ಪ್ರಶ್ನೆ. ಕೊನೆಗೆ ಯಾವಾಗಲೂ ಒಂದೇ ಮಾತು: “ಎಲ್ಲಿ ಕುಂತ ನೋಡಿದಿ ತಂಗಿ? ಮೊದಲ ಅದನ್ನ ಬರಿ.” ಅವರ ಮನೆಯ ಮೆಟ್ಟಿಲು ಇಳಿಯುವಾಗ ನಾನು ಅತ್ತದ್ದೂ ಉಂಟು, ಬೈದುಕೊಂಡದ್ದೂ ಉಂಟು.

ಸೋತವರೂ ಗೆದ್ದವರೂ ಕೊನೆಗೆ ಕೂಡಿ ಮಂಗಳ ಹಾಡುತ್ತಾರೆ ಎಂಬುದು ಸರ್ ಅವರ ಪುಸ್ತಕದ ಹೆಸರುವಾಸಿ ಮಾತು. ಭಾಷಣಗಳಲ್ಲಿ ಅದನ್ನು ಹೇಳುವಾಗ ಅವರ ದನಿ ತುಂಬಿ ಬರುತ್ತಿತ್ತು. ಆದರೆ ತಿಕೋಟಾದಲ್ಲಿ, ಸರ್ ಬಂದಿರದ ಒಂದು ಮಧ್ಯಾಹ್ನ, ಹೆಂಗಸರ ನಡುವೆ ಕುಳಿತು ನಾನು ನೋಡಿದ್ದು ಬೇರೆಯೇ. ಸೋತ ಮೇಳದವರು ದಪ್ಪನ್ನು ಚೀಲಕ್ಕೆ ತುರುಕಿ ಕಟ್ಟೆಯ ಹಿಂದಿನಿಂದ ಇಳಿದು ಹೋದರು. ಮಂಗಳವನ್ನು ಗೆದ್ದವರಷ್ಟೇ ಹಾಡಿದರು. ಹೀಗೇಕೆ ಎಂದು ಪಕ್ಕದಲ್ಲಿದ್ದ ಮುದುಕಿಯನ್ನು ಕೇಳಿದೆ. ಆಕೆ ನನ್ನನ್ನೇ ವಿಚಿತ್ರವಾಗಿ ನೋಡಿದಳು.

“ದೊಡ್ಡೋರು ಮುಂದ ಕುಂತಿದ್ರ ಕೂಡಿ ಹಾಡ್ತಾರವ್ವಾ. ಅವರ ಎದುರಿಗೆ ಎದ್ದ ಹೋದ್ರ ಅವರಿಗೆ ಅವಮಾನ ಅಲ್ಲೇನು?”

ವಿಜಾಪುರದ ಬಸ್ಸಿನಲ್ಲಿ ಮುದುಕಿಯ ಮಾತನ್ನೂ ಪುಸ್ತಕದ ಮಾತನ್ನೂ ಎದುರುಬದುರು ಇಟ್ಟು ನೋಡಿದೆ. ಸರ್ ಇದ್ದಲ್ಲೆಲ್ಲ ಮಂಗಳ ಕೂಡಿಯೇ ಆಗಿದೆ. ಸರ್ ಇದ್ದದ್ದಕ್ಕೇ ಆಗಿದೆ. ಇದನ್ನು ಅವರಿಗೆ ಹೇಳುವುದು ಹೇಗೆ?

ಹೇಳಿದೆ. ಕಿವಿಯ ಹಿಂದಿನ ಕೈ ಕೆಳಗಿಳಿಯಿತು. ಒಂದು ಊರಲ್ಲಿ ನೋಡಿ ಬರೆದರೆ ಅದು ಸುದ್ದಿ, ಸಂಶೋಧನೆ ಅಲ್ಲ ಎಂದು ಗದರಿಸಿ ಕಳಿಸಿಬಿಟ್ಟರು. ಮೆಟ್ಟಿಲು ಇಳಿಯುತ್ತಿದ್ದವಳನ್ನು ಮತ್ತೆ ಕರೆದರು.

“ಬಬಲೇಶ್ವರದಾಗ ಬರೋ ಪಂಚಮಿಗೆ ಹಾಡಸ್ತಾರ. ನಾ ಹ್ವಾದ ವರ್ಷ ನೋಡಿದ್ದ ಮೇಳ, ಅದ ಹಾಡು, ಅದ ಕಟ್ಟಿ. ಎಲ್ಲಾ ಹಂಗ ಇರಲಿ. ಬರೇ ಕುರ್ಚಿ ತಗಿಯೂಣು.”

ಬಬಲೇಶ್ವರಕ್ಕೆ ಸರ್ ತಲೆಗೆ ರುಮಾಲು ಸುತ್ತಿ ಬಂದರು, ಮಂದಿಯ ಹಿಂದೆ ಒಂದು ಬೇವಿನ ಮರದ ಬುಡದಲ್ಲಿ ಕುಳಿತರು. ನನಗೆ ಹಾಡಿನ ಕಡೆ ಲಕ್ಷ್ಯವೇ ಇಲ್ಲ. ಯಾರಾದರೂ ಗುರುತು ಹಿಡಿದರೆ ಮುಗಿಯಿತು. ಜವಾಬು ಬಿರುಸಾದ ಹೊತ್ತಿಗೆ ಊರಿನ ಹಿರಿಯರೊಬ್ಬರು ಹಿಡಿದೇಬಿಟ್ಟರು. ಒಂದು ಕುರ್ಚಿ ಎತ್ತಿಕೊಂಡು ನಮ್ಮತ್ತಲೇ ಬಂದರು. ಸರ್ ಆ ಹಿರಿಯರ ಮೊಣಕೈ ಹಿಡಿದು ಕಿವಿಯಲ್ಲಿ ಏನೋ ಬೇಡಿಕೊಂಡರು. ಹಿರಿಯರು ಒಪ್ಪದ ಮನಸ್ಸಿನಿಂದ ಕುರ್ಚಿ ಅಲ್ಲೇ ಇಟ್ಟು, ಯಾರೂ ಕೂರದ ಅದನ್ನು ಕಾಯುತ್ತ ನಿಂತರು.

ಹರದೇಶಿ ಮೇಳ ಸೋತಿತು. ಮುಂದಾಳು ದಪ್ಪನ್ನು ಚೀಲಕ್ಕೆ ಹಾಕಿದ, ಕಟ್ಟೆ ಇಳಿದ, ಹೋದ. ಹಿಂದೆ ಅವನ ಮೇಳವೂ ಹೋಯಿತು.

ನಾನು ಸರ್ ಮುಖ ನೋಡಲು ಹೆದರಿದೆ. ಅಷ್ಟು ಹಿಂದೆ ಕುಳಿತು ಅವರಿಗೆ ಹಾಡು ತಿಳಿದಿರಲಾರದು ಎಂದು, ಕೇಳಿಸಿತೇ ಎಂದೆ.

“ಕೇಳಸ್ಲಿಲ್ಲ ತಂಗಿ,” ಎಂದರು. “ಕಾಣಿಸ್ತು.”

ಪ್ರಬಂಧ ಬರೆದು ಸರ್ ಮನೆಗೆ ಕೊಟ್ಟು ಬಂದೆ; ವಾರಗಳಾದರೂ ಕರೆ ಇಲ್ಲ. ಮನೆಯಲ್ಲಿ ವರನ ಕಡೆಯವರು ಬಂದು ಹೋದರು. ಕೊನೆಗೆ ಕರೆದಾಗ ಹಾಳೆಗಳು ಮೇಜಿನ ಮೇಲಿದ್ದವು. ಕೆಂಪು ಗೀಟು ಒಂದೇ ಕಡೆ: ‘ಕೆಲವು ವಿದ್ವಾಂಸರು ಹೀಗೆ ತಿಳಿದಿದ್ದಾರೆ’ ಎಂದಲ್ಲಿ.

“ಯಾರಿವರು ಕೆಲವರು?”

ಆ ಹಾಳೆಯನ್ನು ನನ್ನತ್ತ ತಳ್ಳಿದರು.

“ನನ್ನ ಹೆಸರ ಬರಿ. ಪುಸ್ತಕದ ಪುಟಾ ಹಾಕು. ಯಾಕ ತಪ್ಪಿದ್ನಿ ಅನ್ನೂದೂ ಬರಿ. ಕಿವಿ ಮಾತೂ ಬಿಡಬ್ಯಾಡ, ಕುರ್ಚಿ ಮಾತೂ ಬಿಡಬ್ಯಾಡ.”

ಅವರ ಎದುರಿಗೇ ಕುಳಿತು ಬರೆದೆ. ಓದಿ ನೋಡಿ ಸಹಿ ಹಾಕಿದರು. ಆದರೆ ಅಂದು ಚಹಾ ಕೊಡಲಿಲ್ಲ. ಎಷ್ಟೋ ದಿನ ಮೊದಲಿನಂತೆ ಮಾತೂ ಆಡಲಿಲ್ಲ. ನೋವಾಗಿತ್ತು, ಆಗದೆ ಇರುತ್ತದೆಯೇ? ನೋವಾಗಿಯೂ ಹಾಕಿದ ಆ ಸಹಿಯ ಋಣದಲ್ಲೇ ನಾನು ಇಂದಿಗೂ ಅನ್ನ ತಿನ್ನುತ್ತಿದ್ದೇನೆ.

ಆ ದಶಕ ಮುಗಿಯುವ ಮುನ್ನವೇ ಸರ್ ಹೋದರು. ಅವರ ನೆನಪಿಗೆಂದು ಬಬಲೇಶ್ವರದ ಮೇಳಗಳು ವಿಜಾಪುರದ ಅವರ ಮನೆಯಂಗಳದಲ್ಲಿ ಹಾಡಿದವು. ದಪ್ಪಿನ ಪಕ್ಕದಲ್ಲಿ ಕುರ್ಚಿ ಹಾಕಿ ಮೇಲೆ ಅವರ ಫೋಟೋ ಇಟ್ಟಿದ್ದರು. ಅಂದೂ ಹರದೇಶಿ ಸೋತಿತು. ಮುಂದಾಳು ಚೀಲಕ್ಕೆ ಕೈ ಹಾಕಿದ. ಕುರ್ಚಿಯ ಕಡೆ ನೋಡಿದ. ಚೀಲ ಬಿಟ್ಟು ದಪ್ಪನ್ನು ಎದೆಗೆತ್ತಿಕೊಂಡ. ಎರಡೂ ಮೇಳಗಳು ಕೂಡಿ ಮಂಗಳ ಹಾಡಿದವು, ಸರ್ ಪುಸ್ತಕದಲ್ಲಿ ಬರೆದಂತೆಯೇ.

ನನಗೂ ಮುಂದೆ ಕುರ್ಚಿ ಹಾಕಿದ್ದರು. ನಾನು ಹಿಂದೆ, ಹೆಂಗಸರ ನಡುವೆ ಕುಳಿತು ನೋಡಿದೆ, ಅತ್ತುಬಿಟ್ಟೆ.