ಈಜುಕೊಳವಿಲ್ಲದ ಹೋಟೆಲು

2023ರಲ್ಲಿ ನಾನು ವಿಜಯಪುರದ ಜೋರಾಪುರ ಪೇಟೆಯಲ್ಲಿ ಅಪ್ಪನ ಕಾಲದ ಟ್ರಾವೆಲ್ ಏಜೆನ್ಸಿಯನ್ನು ನಡೆಸುತ್ತಿದ್ದೆ. ಈಗಲೂ ನಡೆಸುತ್ತೇನೆ, ಆದರೆ ಬೆಳಗಿನ ಹೊತ್ತು ಕುರ್ಚಿಯಲ್ಲಿ ಕೂರುವವಳು ನನ್ನ ತಂಗಿಯ ಮಗಳು. ಉಮ್ರಾ ಯಾತ್ರೆಗೆ ಹೊರಟವರೂ ಕಾಶಿಗೆ ಹೊರಟವರೂ ಒಂದೇ ಬೆಂಚಿನ ಮೇಲೆ ಕೂತು ಒಬ್ಬರಿಗೊಬ್ಬರು ಮೊಣಕಾಲು ನೋವಿಗೆ ಎಣ್ಣೆ ಹೇಳಿಕೊಡುವ ಜಾಗ ನಮ್ಮದು. ದುಬೈಗೆ, ಸಿಂಗಪುರಕ್ಕೆ ಕಳಿಸಿದ್ದೆ. ಮೆಡಿಟರೇನಿಯನ್ ಸಮುದ್ರದ ದ್ವೀಪ ಬೇಕೆಂದು ಕೇಳಿಕೊಂಡು ಬಂದವರು ಮಾತ್ರ ಅಲ್ಲಿಯವರೆಗೆ ಒಬ್ಬರೂ ಇರಲಿಲ್ಲ.

ನಮ್ಮ ಆಫೀಸಿಗೆ ಅಪ್ಪ ಹಾಕಿಕೊಟ್ಟ ಒಂದು ಕಟ್ಟಳೆ ಇದೆ. ಟಿಕೆಟ್ ತೆಗೆಯುವ ಮುಂಚೆ ಪ್ರಯಾಣಿಕರೆಲ್ಲ ಒಮ್ಮೆ ನಮ್ಮೆದುರು ಬಂದು ಕೂರಬೇಕು. ಗಂಡ ಬಂದು ಹೆಂಡತಿಯ ಪರವಾಗಿ, ಮಗ ಬಂದು ತಾಯಿಯ ಪರವಾಗಿ ಮಾತಾಡಿದರೆ ನಡೆಯುವುದಿಲ್ಲ. ಹಿಂದೊಮ್ಮೆ ಒಬ್ಬ ಅಜ್ಜಿ ಮುಂಬೈ ವಿಮಾನ ನಿಲ್ದಾಣದವರೆಗೂ ಹೋಗಿ, ಚಲಿಸುವ ಮೆಟ್ಟಿಲು ನೋಡಿ, ಬ್ಯಾಗಿನ ಮೇಲೆ ಕೂತವಳು ಏಳಲೇ ಇಲ್ಲ. ಆಕೆಯ ಮನಸ್ಸಿನಲ್ಲಿ ಏನಿದೆ ಎಂದು ಮನೆಯವರು ಯಾರೂ ಕೇಳಿರಲಿಲ್ಲ. ಈ ಕಟ್ಟಳೆಯಿಂದ ಗಿರಾಕಿಗಳು ತಪ್ಪಿಹೋಗಿದ್ದೂ ಉಂಟು. ನಾನು ಸ್ವಲ್ಪ ಬಾಯಿ ಜೋರಿನವಳು, ಹೋಗುವವರು ಹೋಗಲಿ ಎಂದು ಸುಮ್ಮನಿರುತ್ತೇನೆ.

ದೀಪಾವಳಿ ಮುಗಿದ ವಾರ ಸಂಗಪ್ಪ ಎಂಬವರು ಬಂದರು. ತಿಕೋಟಾ ಕಡೆಯ ಕಳ್ಳಕವಟಗಿಯವರು, ದ್ರಾಕ್ಷಿ ತೋಟದವರು. ಹಣ್ಣನ್ನು ಶೆಡ್ಡಿನಲ್ಲಿ ಒಣಗಿಸಿ ಮಾರುವವರು. ಒಣದ್ರಾಕ್ಷಿಗೆ ನಮ್ಮ ಕಡೆ ಮಣೂಕ ಎನ್ನುತ್ತಾರೆ. ನಲವತ್ತು ದಾಟಿದ, ಕಡಿಮೆ ಮಾತಿನ ಮನುಷ್ಯ. ಬೆಂಚಿನ ತುದಿಯಲ್ಲಿ ಕೂತರು.

"ಅಕ್ಕಾರ, ಸಮುದ್ರ ಬೇಕಾಗೇತ್ರಿ. ಆದ್ರ ತೆರಿ ಇರಬಾರದು."

"ತೆರಿ ಇಲ್ಲದ ಸಮುದ್ರ ಕೇಳಾಕತ್ತೀರಿ. ನಾಳೆ ಬಿಸಲಿಲ್ಲದ ವಿಜಯಪುರ ಕೇಳ್ತೀರಿ," ಎಂದೆ. ಅವರು ನಗಲಿಲ್ಲ. ಫೋನಿನಲ್ಲಿ ಒಂದು ವಿಡಿಯೋ ತೋರಿಸಿದರು. ಗ್ರೀಸ್ ದೇಶದ ಕ್ರೀಟ್ ದ್ವೀಪದ ಒಂದು ದಂಡೆ. ಮಕ್ಕಳು ನೀರಿನಲ್ಲಿ ಬಹಳ ದೂರ ನಡೆದು ಹೋಗಿದ್ದರು, ನೀರು ಇನ್ನೂ ಮೊಣಕಾಲಿನ ಕೆಳಗೇ ಇತ್ತು.

"ಇಲ್ಲಿ ನೋಡ್ರಿ, ತಾಟಿನ್ಯಾಗ ನೀರ ಹಾಕಿದಂಗ ಐತಿ. ನನ್ನ ಮಗಳಿಗೆ ಇದ ಬೇಕು. ಗೋವಾಕ್ಕ ಹೋಗಿದ್ವಿ, ಆಕಿ ಉಸುಕ ದಾಟಿ ಮುಂದ ಬರಲಿಲ್ಲ."

ಕೆಲಸ ಶುರು ಮಾಡಿದೆ. ಗ್ರೀಸಿಗೆ ಶೆಂಗೆನ್ ವೀಸಾ ಬೇಕು. ಅಂದರೆ ಯುರೋಪಿನ ಹಲವು ದೇಶಗಳಿಗೆ ಸೇರಿಸಿ ಕೊಡುವ ಒಂದೇ ಅನುಮತಿ. ವೀಸಾ ಕೇಂದ್ರಕ್ಕೆ ದೊಡ್ಡವರು ಖುದ್ದಾಗಿ ಹೋಗಿ ಬೆರಳಚ್ಚು ಕೊಡಬೇಕು. ಮೇ ತಿಂಗಳ ಕೊನೆಗೆ ಹೊರಡುವುದೆಂದು ಗೊತ್ತುಮಾಡಿದೆವು. ಅಷ್ಟರಲ್ಲಿ ಮಣೂಕದ ಕೆಲಸ ಮುಗಿದಿರುತ್ತದೆ, ಅಲ್ಲಿ ನೀರು ಬೆಚ್ಚಗಾಗಿರುತ್ತದೆ, ಬೇಸಿಗೆಯ ಜನಜಂಗುಳಿ ಇನ್ನೂ ಬಂದಿರುವುದಿಲ್ಲವಾದ್ದರಿಂದ ಬಾಡಿಗೆಯೂ ಕೈಗೆಟಕುತ್ತದೆ. ಮುಂಬೈಯಿಂದ ಗಲ್ಫ್ ಮೇಲೆ ಹಾದು ಅಥೆನ್ಸ್, ಅಲ್ಲಿಂದ ಸಣ್ಣ ವಿಮಾನದಲ್ಲಿ ಕ್ರೀಟ್. ರಾತ್ರಿ ಹಡಗು ಅಗ್ಗವಿತ್ತು. ಹಡಗು ಬೇಡವೇ ಬೇಡ ಎಂದರು. ಸ್ಟಾರ್ ಹೋಟೆಲಿನ ಬದಲು ಅಡುಗೆಮನೆ ಇರುವ ಎರಡು ಕೋಣೆಯ ಮನೆ ಹುಡುಕಿದೆ. ಕಡಕ್ ರೊಟ್ಟಿ, ಶೇಂಗಾ ಹಿಂಡಿ ಎಂಬ ಚಟ್ನಿಪುಡಿ ಒಯ್ದರೆ ಒಂದು ವಾರ ಹೊಟ್ಟೆಯ ಚಿಂತೆ ಇಲ್ಲ.

ಒಂದು ಮನೆ ಎಲ್ಲ ರೀತಿಯಿಂದ ಹೊಂದಿತು. ಫೋಟೋ ತೋರಿಸುತ್ತ ಹೋದೆ. ಮೂರನೆಯ ಫೋಟೋಗೆ ಸಂಗಪ್ಪ ಮುಖ ತಿರುಗಿಸಿದರು.

"ಇದ ಬ್ಯಾಡ್ರಿ. ಈಜೂ ಕೊಳ ಐತಿ."

"ಕೊಳ ಇದ್ರ ಏನಾತ್ರಿ? ಸಮುದ್ರಕ್ಕ ಹೊಂಟೀರಿ, ಕೊಳಕ್ಕ ಯಾಕ ಅಂಜಬೇಕು?"

"ಕೊಳ ಇರೂದ ಬ್ಯಾಡ್ರಿ ಅಕ್ಕಾರ."

ನಡುಮಟ್ಟದ ಬಜೆಟ್ಟಿನಲ್ಲಿ, ಮಕ್ಕಳಿರುವ ಕುಟುಂಬಕ್ಕೆಂದು ಇರುವ ಜಾಗಗಳಲ್ಲಿ ಈಜುಕೊಳವಿಲ್ಲದ್ದನ್ನು ಹುಡುಕುವುದೆಂದರೆ ಕಲ್ಲಲ್ಲಿ ಎಣ್ಣೆ ತೆಗೆದ ಹಾಗೆ. ದೊಡ್ಡವರ ಹುಚ್ಚು ಎಂದು ಮನಸ್ಸಿನಲ್ಲೇ ಬೈದುಕೊಂಡು ಹುಡುಕಿದೆ. ಕೊನೆಗೆ ಒಬ್ಬ ಮುದುಕಿಯ ಮನೆ ಸಿಕ್ಕಿತು, ಅಂಗಳದಲ್ಲಿ ನಿಂಬೆಗಿಡ ಬಿಟ್ಟರೆ ಮತ್ತೇನೂ ಇರಲಿಲ್ಲ. ಸಂಗಪ್ಪನವರಿಗೆ ಸಮಾಧಾನವಾಯಿತು. ಆಗ ನಾನು, ಹೋಗುವವರೆಲ್ಲರ ಹೆಸರು ಬರೆಸಿ ಎಂದೆ. ತಾನು ಮತ್ತು ಹತ್ತು ವರ್ಷದ ಮಗಳು ಸಹನಾ, ಇಬ್ಬರೇ ಎಂದರು. ಹೆಂಡತಿ ಬರುವುದಿಲ್ಲ.

ಫ್ಯಾಮಿಲಿ ಟ್ರಿಪ್ ಎಂದು ಹೇಳಿ ಅರ್ಧ ಫ್ಯಾಮಿಲಿಯನ್ನು ಬಿಟ್ಟು ಹೋಗುತ್ತೀರಲ್ಲ ಎಂದು ಕೇಳಿದೆ. ಆಗ ಹೇಳಿದರು. ಏಳು ವರ್ಷದ ಮಗ ಸಮರ್ಥ ಹಿಂದಿನ ಬೇಸಿಗೆಯಲ್ಲಿ ತೋಟದ ಹೊಂಡದಲ್ಲಿ ಹೋಗಿಬಿಟ್ಟಿದ್ದ.

ಆ ಹೊಂಡಗಳನ್ನು ತಿಕೋಟಾ, ಬಬಲೇಶ್ವರದ ದ್ರಾಕ್ಷಿ ತೋಟಗಳಲ್ಲಿ ಯಾರು ಬೇಕಾದರೂ ನೋಡಬಹುದು. ಬೇಸಿಗೆಗೆ ನೀರು ಕೂಡಿಡಲು ಒಂದು ಮನೆ ಮುಳುಗುವಷ್ಟು ಆಳ ತೋಡಿ, ನೀರು ಇಂಗದಂತೆ ನಾಲ್ಕೂ ಕಡೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿರುತ್ತಾರೆ. ಹಾಳೆ ಪಾಚಿಗಟ್ಟಿ ಬೆಣ್ಣೆಯಂತೆ ಜಾರುತ್ತದೆ. ಈಜು ಬಲ್ಲ ಗಂಡಸರೂ ಮೇಲೆ ಹತ್ತಲಾರದೆ ಸತ್ತಿದ್ದಾರೆ. ಸಹನಾ ಆ ಹೊತ್ತು ಹೊಂಡದ ಏರಿಯ ಮೇಲೇ ಇದ್ದಳು. ತಮ್ಮ ಜಾರಿದ ಕೂಡಲೇ ಹುಡುಗಿ ಹೆದರಿ ಶೆಡ್ಡಿನ ಕಡೆ ಓಡಿಹೋದಳೆಂದು ಊರಲ್ಲಿ ಎಲ್ಲರೂ ಹೇಳಿದರು. ಅಂದಿನಿಂದ ಆಕೆಗೆ ನಿಂತ ನೀರು ಕಂಡರೆ ಆಗದು. ಕೊಡದಿಂದ ಸುರಿದರೆ ಮಾತ್ರ ಸ್ನಾನ. ಮಾತೂ ಕಡಿಮೆಯಾಗಿತ್ತು.

"ಕಾಲಿಟ್ರ ನೆಲಾ ಸಿಗೂವಂಥ ನೀರು ಒಮ್ಮೆ ತೋರ್ಸಬೇಕ್ರಿ ಆಕಿಗೆ. ತಾನ ಹೋಗಿ ತಾನ ಹೊಳ್ಳಿ ಬರಬೇಕು. ಅಂಜಿಕಿ ಹೋಗತೈತಿ," ಎಂದರು ಸಂಗಪ್ಪ.

ಈಜುಕೊಳದ ವಿಷಯಕ್ಕೆ ಬೈದುಕೊಂಡ ನನ್ನ ನಾಲಿಗೆಗೆ ಬೆಂಕಿ ಬೀಳಲಿ ಎನಿಸಿತು. ಈ ಪ್ರವಾಸ ಆಗಲೇಬೇಕು ಎಂದು ನಿಶ್ಚಯಿಸಿಕೊಂಡೆ. ಆದರೆ ಒಂದು ತೊಡಕಿತ್ತು. ಅಪ್ರಾಪ್ತ ಮಗು ತಂದೆಯೊಬ್ಬನ ಜೊತೆ ಹೋಗುವುದಾದರೆ ತಾಯಿಯ ಲಿಖಿತ ಒಪ್ಪಿಗೆ ಬೇಕು. ಇಲ್ಲದಿದ್ದರೆ ವೀಸಾ ಸಿಗುವುದಿಲ್ಲ. ನಮ್ಮ ಕಟ್ಟಳೆಯೂ ಇತ್ತಲ್ಲ, ಮೂವರನ್ನೂ ಕರೆದುಕೊಂಡು ಬನ್ನಿ ಎಂದೆ.

ಸಂಕ್ರಾಂತಿಯ ಮುಂಚೆ ಬಂದರು. ಹೆಂಡತಿ ಕಸ್ತೂರಿ ಮಗಳ ಜೊತೆ ಕಾಖಂಡಕಿಯ ತವರಿನಿಂದ ನೇರವಾಗಿ ಬಂದಿದ್ದರು. ಮಗ ಹೋದ ಮೇಲೆ ಹೆಚ್ಚಿನ ದಿನ ಅಲ್ಲೇ ಇರುತ್ತಾರೆಂದು ಆಮೇಲೆ ತಿಳಿಯಿತು. ಗಂಡ ಹೆಂಡತಿ ಬೆಂಚಿನ ಎರಡು ತುದಿಯಲ್ಲಿ ಕೂತರು, ನಡುವೆ ಸಹನಾ. ಸಂಗಪ್ಪ ಮಗಳಿಗೆ ಫೋನಿನಲ್ಲಿ ದಂಡೆಯನ್ನು ತೋರಿಸಿದರು. ನೀರು ಎಷ್ಟು ತಿಳಿ, ಎಷ್ಟು ದೂರ ನಡೆಯಬಹುದು ಎಂದು ನಾನೂ ದನಿ ಕೂಡಿಸಿದೆ.

"ನಾ ನಿನ್ನ ಕೈ ಹಿಡಕೊಂಡ ಇರ್ತೀನವ್ವಾ, ಬಿಡೂದ ಇಲ್ಲ," ಎಂದರು ಸಂಗಪ್ಪ.

ಹುಡುಗಿ ಅಪ್ಪನ ಕಡೆ ನೋಡಲಿಲ್ಲ. ನನ್ನನ್ನು ಕೇಳಿದಳು, "ಅಲ್ಲಿ ಹಗ್ಗ ಇರ್ತೈತೇನ್ರಿ?"

"ಸಮುದ್ರಕ್ಕ ಹಗ್ಗ ಯಾಕವಾ? ಏನ ಎಮ್ಮಿ ಕಟ್ಟತೀಯೇನು?" ಎಂದು ನಕ್ಕೆ.

ಬೇರೆ ಯಾರೂ ನಗಲಿಲ್ಲ. ಸಂಗಪ್ಪನವರ ಮುಖ ಕಪ್ಪಿಟ್ಟಿತು. ಗಾಡಿ ಬಿಸಿಲಿಗೆ ನಿಂತಿದೆ, ನೆರಳಿಗೆ ನಿಲ್ಲಿಸಿ ಬರುತ್ತೇನೆ ಎಂದು ಎದ್ದುಹೋದರು. ತಿರುಗಿ ಬರಲಿಲ್ಲ. ಸಹನಾ ಎದ್ದು ಹೊರಗಿನ ಮೆಟ್ಟಿಲ ಮೇಲೆ ಕೂತಳು. ಕಸ್ತೂರಿ ನನ್ನ ಮೇಜಿನ ಹತ್ತಿರ ಸರಿದರು. ಆಕೆಯ ದನಿಯಲ್ಲಿ ಸಿಟ್ಟೂ ಇರಲಿಲ್ಲ, ಅಳುವೂ ಇರಲಿಲ್ಲ. ಅದೇ ಹೆಚ್ಚು ಕಷ್ಟವಾಗಿತ್ತು.

"ಹೊಂಡಕ್ಕ ಒಂದು ಹಗ್ಗ ಇತ್ರಿ. ಏರಿ ಮ್ಯಾಲಿನ ಗೂಟಕ್ಕ ಕಟ್ಟಿ, ನೀರಿನ ತನಕ ಬಿಟ್ಟಿದ್ರು. ಬಿದ್ದವರು ಹಿಡಕೊಂಡು ಹತ್ತಲಿ ಅಂತ. ಶೆಡ್ಡಿನ್ಯಾಗ ಮಣೂಕ ಹಾಕಿದ್ದಾಗ ಮಳಿ ಮೋಡ ಬಂತು. ಮ್ಯಾಲ ಹೊದಿಸಿದ ತಾಡಪತ್ರಿ ಹಾರಾಕತ್ತಿತ್ತು. ಇವರು ಹೊಂಡದ ಹಗ್ಗ ಬಿಚ್ಚಿ ತಂದು ಅದಕ್ಕ ಕಟ್ಟಿದ್ರು. ಮಳಿ ಹೋತು. ಹಗ್ಗ ಅಲ್ಲೇ ಉಳೀತು. ಹುಡುಗ ಜಾರಿದಾಗ ಹಿಡಕೊಳ್ಳಾಕ ಏನೂ ಇರಲಿಲ್ಲ."

ಆಕೆ ಮೆಟ್ಟಿಲ ಮೇಲೆ ಕೂತಿದ್ದ ಮಗಳ ಕಡೆ ನೋಡಿದರು.

"ಹುಡುಗಿಗೆ ಗೊತ್ತಿಲ್ಲ ಅಂತ ತಿಳಕೊಂಡಾರ. ಆಕಿ ಎಲ್ಲಾ ನೋಡ್ಯಾಳ. ನೀರಿನ ಅಂಜಿಕಿ ಅಲ್ರಿ ಆಕಿಗೆ, ಅವರಪ್ಪನ ಅಂಜಿಕಿ. ಅವರ ಕೈಯಾಗ ಆಕಿನ್ನ ಕೊಟ್ಟು ನೀರಿಗೆ ಕಳಸಂದ್ರ ಹೆಂಗ ಕಳಸ್ಲಿ? ನಾ ಸಹಿ ಹಾಕೂದಿಲ್ರಿ."

ತಾಯಿ ಮಗಳು ಬಸ್ ಹಿಡಿಯಲು ಹೋದರು. ಎರಡು ದಿನ ನನಗೆ ಊಟ ರುಚಿಸಲಿಲ್ಲ. ಮಣೂಕ ಒಣಗುವಾಗ ಮೋಡ ಕವಿದರೆ ಈ ಭಾಗದಲ್ಲಿ ಯಾರೂ ಕೂತು ವಿಚಾರ ಮಾಡುವುದಿಲ್ಲ. ಕೈಗೆ ಸಿಕ್ಕ ಹಗ್ಗ, ಸೀರೆ, ಗೋಣಿ ಎಲ್ಲ ಶೆಡ್ಡಿಗೇ ಹೋಗುತ್ತದೆ. ವರ್ಷದ ದುಡಿಮೆ ಒಂದು ಗಂಟೆಯಲ್ಲಿ ಕರ್ರಗಾಗಿಬಿಡುತ್ತದೆ ಎಂದು ಗೊತ್ತಿರುವ ಯಾವ ತೋಟದವನಾದರೂ ಅದನ್ನೇ ಮಾಡುತ್ತಿದ್ದ. ಹಾಗಂತ ಸಂಗಪ್ಪನಿಗೆ ಹೇಳಿ ಪ್ರಯೋಜನವಿರಲಿಲ್ಲ, ಕಸ್ತೂರಿಗೆ ಹೇಳುವುದಂತೂ ಪಾಪ.

ಮೂರನೆಯ ದಿನ ಸಂಗಪ್ಪ ಫೋನು ಮಾಡಿ, ಹೆಂಡತಿಯ ಸಹಿ ಇಲ್ಲದೆ ಬೇರೆ ದಾರಿ ಇದೆಯೇ ಎಂದು ಕೇಳಿದರು.

"ಇಲ್ರಿ. ಇದ್ರೂ ನಾ ಟಿಕೆಟ್ ತಗ್ಯಾಂಗಿಲ್ಲ," ಎಂದೆ. "ಹಗ್ಗದ ಮಾತು ಹುಡುಗಿ ಮುಂದ ಒಮ್ಮೆ ಬಾಯಿಬಿಟ್ಟು ಆಡ್ರಿ. ಅದಾಗೂತನಕ ನಿಮ್ಮನ್ನ ಯಾವ ಸಮುದ್ರಕ್ಕೂ ನಾ ಕಳಸೂದಿಲ್ಲ."

"ನಿಮ್ಮ ಕೆಲಸ ಟಿಕೆಟ್ ಕೊಡೂದು. ನಮ್ಮ ಮನಿ ಸುದ್ದಿ ನಿಮಗ್ಯಾಕ?" ಎಂದು ಫೋನು ಇಟ್ಟುಬಿಟ್ಟರು. ಅವರ ಮಾತು ನ್ಯಾಯವೇ. ಗಿರಾಕಿಗೆ ಅಷ್ಟು ಕಟುವಾಗಿ ನಾನು ಎಂದೂ ಮಾತಾಡಿರಲಿಲ್ಲ. ಇನ್ನು ಬರುವುದಿಲ್ಲ ಎಂದುಕೊಂಡೆ.

ಬಂದರು. ಹದಿನೈದು ದಿನ ಆಗಿರಬೇಕು, ಮಧ್ಯಾಹ್ನದ ಹೊತ್ತು, ಆಫೀಸು ಖಾಲಿ ಇತ್ತು. ಈ ಸಲ ಬೆಂಚಿನ ನಡುವೆಯೇ ಕುಸಿದು ಕೂತರು. ನೀರು ಕೊಟ್ಟೆ, ಲೋಟ ಕೈಯಲ್ಲೇ ಉಳಿಯಿತು.

"ಕಾಖಂಡಕಿಗೆ ಹೋಗಿ ಹೇಳಿದ್ನ್ರಿ. ಆಕಿ ಅವ್ವನ ಮುಂದನ ಹೇಳಿದೆ. 'ಹಗ್ಗ ನಾನ ಬಿಚ್ಚಿದ್ದೆ ಸಹನಾ, ತಮ್ಮ ಹೋಗಿದ್ದು ನನ್ನ ತಪ್ಪಿಂದ' ಅಂದೆ. ಆಕಿ ಏನಂದ್ಳು ಗೊತ್ತೇನ್ರಿ?"

ಲೋಟವನ್ನು ಬೆಂಚಿನ ಮೇಲಿಟ್ಟು ಅವರೇ ಹೇಳಿದರು.

"'ಗಂಟ ನಿನಗ ಬಿಚ್ಚಾಕ ಬರಲಿಲ್ಲಪ್ಪಾ, ತೊಯ್ದು ಬಿಗಿ ಆಗಿತ್ತು. ನನ್ನ ಬೆರಳ ಸಣ್ಣವು ಅಂತ ನನಗ ಕರದಿ. ನಾ ಬಿಚ್ಚಿಕೊಟ್ಟೆ' ಅಂದ್ಳು."

ನಾನು ಎದ್ದು ಹೋಗಿ ಬೆಂಚಿನ ಮೇಲೆ ಅವರ ಪಕ್ಕದಲ್ಲಿ ಕೂತೆ.

"ನಾ ಮರತಿದ್ದೆ ಅಕ್ಕಾರ. ದೇವರಾಣಿ, ಖರೇನ ಮರತಿದ್ದೆ. ಆ ಗಡಿಬಿಡ್ಯಾಗ ಯಾರನ್ನ ಕರದೆ, ಏನ ಮಾಡಿದೆ, ಒಂದೂ ನೆನಪಿರಲಿಲ್ಲ. ಆಕಿ ಹೆದರಿ ಓಡ್ಯಾಳ ಅಂತ ಅಂದ್ರಲ್ಲ ಮಂದಿ, ನಾನೂ ಅಂದಿದ್ದೆ. ಹೊಂಡದ ಕಡೆ ಇದ್ದವರಾಗ ಹಗ್ಗ ಎಲ್ಲಿ ಐತಿ ಅಂತ ಗೊತ್ತಿದ್ದಾಕಿ ಆಕಿ ಒಬ್ಬಾಕಿ. ತರಾಕ ಓಡಿದ್ಲಂತ್ರಿ. ಶೆಡ್ಡಿನ ಮ್ಯಾಲ ಎತ್ತರಕ್ಕ ಕಟ್ಟಿದ್ದೆ ನಾ. ಆಕಿ ಕೈ ಮುಟ್ಟಲಿಲ್ಲ."

ಇಷ್ಟು ದಿನ ಅಪ್ಪ ತಾನೇ ಕೊಂದೆ ಎಂದುಕೊಂಡಿದ್ದ, ತಾಯಿ ಗಂಡನೇ ಕೊಂದ ಎಂದುಕೊಂಡಿದ್ದಳು. ಹತ್ತು ವರ್ಷದ ಹುಡುಗಿ ನಾನೇ ಕೊಂದೆ ಎಂದುಕೊಂಡು, ಊರು ತನ್ನನ್ನು ಹೆದರುಪುಕ್ಕಲಿ ಎಂದರೂ ಬಾಯಿ ಬಿಡದೆ, ಕೊಡದ ನೀರು ಸುರಿಸಿಕೊಂಡು ಇದ್ದಳು. ನಾನಂತೂ ಆಕೆಯ ಹಗ್ಗದ ಮಾತಿಗೆ ಎಮ್ಮೆಯ ಹಾಸ್ಯ ಮಾಡಿದ್ದೆ. ಅವತ್ತು ಸಂಗಪ್ಪ ನನ್ನೆದುರು ಅತ್ತರು. ನಾನೂ ಅತ್ತೆ. ಗಿರಾಕಿಯ ಎದುರು ಅಳಬಾರದು ಎಂದು ನನ್ನ ಅಪ್ಪ ಹೇಳಿರಲಿಲ್ಲ.

ಎಲ್ಲ ರದ್ದು ಮಾಡಿದೆವು. ಮುಂದಿನ ವರ್ಷ ನೋಡೋಣವೇ ಎಂದು ಕೇಳಿದ್ದಕ್ಕೆ, "ಮೊದಲ ಆಕಿ ನಿದ್ದಿ ಮಾಡ್ಲಿ ರಿ," ಎಂದರು. ಕಸ್ತೂರಿ ಮತ್ತು ಸಹನಾ ಕಳ್ಳಕವಟಗಿಗೆ ಮರಳಿದರೆಂದು ತಿಳಿಯಿತು. ತೋಟಕ್ಕೆ ನೀರು ಬೇಕಾದ್ದರಿಂದ ಹೊಂಡ ಹಾಗೇ ಇದೆ, ಸುತ್ತ ತಂತಿ ಬೇಲಿ ಬಂದಿದೆ. ಒಮ್ಮೆ ಕಸ್ತೂರಿ ತಾವಾಗಿಯೇ ಫೋನು ಮಾಡಿದ್ದರು. ಹುಡುಗಿ ಸುಧಾರಿಸಿದಳೇ ಎಂದು ಕೇಳಿದೆ. ಇಲ್ಲ, ಆದರೆ ಈಗ ಅಳುತ್ತಾಳೆ, ಮೊದಲು ಅದೂ ಇರಲಿಲ್ಲ ಎಂದರು.

ಇಷ್ಟು ವರ್ಷ ಜನರನ್ನು ದೂರದ ಊರುಗಳಿಗೆ ಕಳಿಸಿದ ಮೇಲೆ ಈ ಕೆಲಸ ನನಗೆ ಕಲಿಸಿದ್ದು ಇದು. ಕುಟುಂಬದವರನ್ನೆಲ್ಲ ಎದುರಿಗೆ ಕೂರಿಸಿಕೊಂಡರೆ ಸಾಲದು, ಎಲ್ಲರಿಗಿಂತ ಸಣ್ಣವರನ್ನು ಮೊದಲು ಕೇಳಬೇಕು. ಅವರು ವಿಚಿತ್ರವಾದ ಪ್ರಶ್ನೆ ಕೇಳಿದರೆ ನಗಬಾರದು, ಯಾಕೆ ಕೇಳಿದಿ ಎಂದು ಮರಳಿ ಕೇಳಿ, ಉತ್ತರ ಬರುವತನಕ ಬಾಯಿ ಮುಚ್ಚಿಕೊಂಡು ಕಾಯಬೇಕು. ದೊಡ್ಡವರು ತಮ್ಮ ತಮ್ಮ ತಪ್ಪುಗಳನ್ನು ಹೊತ್ತು ತಿರುಗುವ ಮನೆಯಲ್ಲಿ ಮಗು ಏನು ಹೊತ್ತಿದೆ ಎಂದು ತೂಗಿ ನೋಡುವವರೇ ಇರುವುದಿಲ್ಲ.